ಅಪ್ಪಯ್ಯನ ಅಡಿಕೆ, ಭೂತಾನದ ಅಡಿಕೆ
(ನಮ್ಮ ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



"ಭೂತಾನಕ್ಕೆ ಹೋಗಿ ಬಂದಿದ್ದೀಯಲ್ಲ, ಮುಂದಿನ ಸಲ ಅದರ ಬಗ್ಗೆಯೇ ಮಾತಾಡು" ಎಂದು ನಮ್ಮ ಕಾರ್ಯದರ್ಶಿಗಳು ಹೇಳಿದಾಗ ನಾನು ಸುಲಭವಾಗಿ ಒಪ್ಪಿಕೊಂಡುಬಿಟ್ಟೆ. ಆಮೇಲೆ ಯೋಚನೆಯಾಯಿತು. ಬಂಡೆಗೆ ಅಂಟಿಕೊಂಡ ಆ ಪಾರೋ ಮಠದ ಫೋಟೋ ನಿಮ್ಮೆಲ್ಲರ ಮೊಬೈಲಿನಲ್ಲೂ ಇದೆ. 'ಸಂತೋಷವನ್ನು ಅಳೆಯುವ ದೇಶ' ಎನ್ನುವ ಫಾರ್ವರ್ಡ್ ಕೂಡ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಹಾಗಾಗಿ ನಾನು ಅಲ್ಲಿಂದ ಶುರು ಮಾಡುವುದಿಲ್ಲ. ಅಡಿಕೆಯಿಂದ ಶುರು ಮಾಡುತ್ತೇನೆ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ. ಅಪ್ಪಯ್ಯ ಮತ್ತು ತಮ್ಮ ನೋಡಿಕೊಳ್ಳುತ್ತಾರೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ರಾತ್ರಿ ಅಪ್ಪಯ್ಯ ಫೋನ್ ಮಾಡಿ, ಹಲೋ ಅನ್ನುವ ಮೊದಲೇ ಕೇಳಿದರು: "ಈ ಭೂತಾನ ಎಷ್ಟು ದೊಡ್ಡದು ಕೂಸೇ?"

ಆಗಿದ್ದಿಷ್ಟು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಿಕೊಳ್ಳಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತ್ತು. ಬೇರೆ ದೇಶದ ಅಡಿಕೆಗೆ ಆಗ ಕಿಲೋಗೆ 251 ರೂಪಾಯಿಯ ಕನಿಷ್ಠ ಬೆಲೆ ಇತ್ತು, ಮುಂದಿನ ವರ್ಷ ಅದು 351 ಆಯಿತು. ಭೂತಾನಕ್ಕೆ ಮಾತ್ರ ಆ ಬೇಲಿ ಇಲ್ಲ. ಮಲೆನಾಡಿನಲ್ಲಿ, ದಕ್ಷಿಣ ಕನ್ನಡದಲ್ಲಿ ಬೆಳೆಗಾರರು ಸಿಟ್ಟಿಗೆದ್ದರು. ತೋಟಕ್ಕೆ ಎಲೆಚುಕ್ಕಿ ರೋಗ ಬೇರೆ ಬಂದಿತ್ತು.

ನಾನು ಎಂಟೆಕ್ ಓದಿದವಳು. ಅಪ್ಪಯ್ಯನ ಸಿಟ್ಟಿಗೆ ನನ್ನ ಹತ್ತಿರ ಇದ್ದದ್ದು ಕ್ಯಾಲ್ಕ್ಯುಲೇಟರ್. ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಸಿಗುವುದು 12-13 ಕಿಲೋ. ಆ ಲೆಕ್ಕದಲ್ಲಿ 17,000 ಟನ್ ಹಸಿ ಅಡಿಕೆ ಎಂದರೆ ಎರಡು ಸಾವಿರ ಚಿಲ್ಲರೆ ಟನ್ ಒಣ ಅಡಿಕೆ. ನಮ್ಮ ದೇಶದ ಬೆಳೆ ಹತ್ತು ಲಕ್ಷ ಟನ್ನಿಗೂ ಮೇಲೆ. "ಸಮುದ್ರಕ್ಕೆ ಒಂದು ಚೊಂಬು ನೀರು ಸುರಿದ ಹಾಗೆ, ಅಪ್ಪಯ್ಯ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಸರಿ ಇದೆ. ಆದರೆ ಆ ಚೊಂಬಿನ ಹೆಸರಲ್ಲಿ ಬೇರೆ ಯಾರ್ಯಾರ ಕೊಡಪಾನ ಬರುತ್ತದೋ, ಅದನ್ನು ನಿನ್ನ ಕ್ಯಾಲ್ಕ್ಯುಲೇಟರ್ ಹೇಳುತ್ತದಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವರ ಮೊದಲ ಪ್ರಶ್ನೆ ತಲೆಯಲ್ಲೇ ಉಳಿಯಿತು. ಎಷ್ಟು ದೊಡ್ಡದು ಭೂತಾನ?

ಹೆಚ್ಚುಕಡಿಮೆ ಕೇರಳದಷ್ಟು. 38 ಸಾವಿರ ಚದರ ಕಿಲೋಮೀಟರ್ ದಾಟುತ್ತದೆ. ಆದರೆ ಕೇರಳದಲ್ಲಿ ಮೂರು ಕೋಟಿಗೂ ಹೆಚ್ಚು ಜನ, ಭೂತಾನದಲ್ಲಿ ಎಂಟು ಲಕ್ಷವೂ ಇಲ್ಲ. ಕಾರಣ ಸರಳ: ನಿಲ್ಲಲು ಸಮತಟ್ಟು ಜಾಗವೇ ಇಲ್ಲ. ದಕ್ಷಿಣದ ಅಂಚು ಸಮುದ್ರಮಟ್ಟದಿಂದ ನೂರಿನ್ನೂರು ಮೀಟರ್ ಎತ್ತರದಲ್ಲಿದೆ. ಉತ್ತರದಲ್ಲಿ ಗಂಗ್‌ಖರ್ ಪುಯೆನ್ಸುಮ್ ಶಿಖರ 7,570 ಮೀಟರ್. ಇವತ್ತಿನವರೆಗೂ ಯಾರೂ ಅದರ ತುದಿ ಮುಟ್ಟಿಲ್ಲ, ಮುಟ್ಟಲು ಅವರು ಬಿಡುವುದೂ ಇಲ್ಲ. ಭೂಪಟದಲ್ಲಿ ಇವೆರಡರ ನಡುವೆ ಒಂದು ಗೇಣು. ದೇಶದ ನೂರು ಪಾಲಿನಲ್ಲಿ ಎಪ್ಪತ್ತರಷ್ಟು ಕಾಡು, ಉತ್ತು ಬಿತ್ತುವ ನೆಲ ಸುಮಾರು ಮೂರು ಪಾಲು. ಅರವತ್ತು ಪಾಲಿಗಿಂತ ಕಾಡು ಕಡಿಮೆಯಾಗಬಾರದು ಎಂದು ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ.

ಇಷ್ಟು ಓದಿಕೊಂಡಮೇಲೆ ನೋಡಲೇಬೇಕು ಅನಿಸಿತು. ಕಳೆದ ವರ್ಷ ನಾನು, ನಮ್ಮ ಯಜಮಾನರು ಬಾಗ್‌ಡೋಗ್ರಾಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಜೈಗಾಂವ್ ತಲುಪಿದೆವು. ಜೈಗಾಂವ್ ನಮ್ಮ ಬಂಗಾಳದ ಊರು: ಹಾರ್ನು, ಧೂಳು, ಕಟ್ಟಡದ ಮೇಲೆ ಕಟ್ಟಡ. ಗೇಟು ದಾಟಿದರೆ ಫುಯೆನ್‌ಶೋಲಿಂಗ್. ಒಮ್ಮೆಲೇ ಯಾರೋ ಟಿವಿಯ ವಾಲ್ಯೂಮ್ ಕಡಿಮೆ ಮಾಡಿದ ಹಾಗೆ. ಗಡಿಯಾರ ಅರ್ಧ ಗಂಟೆ ಮುಂದೆ ಓಡುತ್ತದೆ, ದುಡ್ಡು ಮಾತ್ರ ಅದೇ. ಅವರ ಒಂದು ಙುಲ್ಟ್ರಮ್ ನಮ್ಮ ಒಂದು ರೂಪಾಯಿಗೆ ಸಮ. ನಮ್ಮ ನೋಟುಗಳನ್ನು ಅಂಗಡಿಯವರು ತಗೊಳ್ಳುತ್ತಾರೆ. ಭಾರತೀಯರು ದಿನಕ್ಕೆ 1,200 ರೂಪಾಯಿ ಶುಲ್ಕ ಕಟ್ಟಬೇಕು, ಹೋಗುವವರು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಅಕ್ಕಿ, ಎಣ್ಣೆ, ಪೆಟ್ರೋಲು, ಸಿಮೆಂಟು, ಮಾತ್ರೆ, ಮೊಬೈಲು ಎಲ್ಲ ಹೊತ್ತ ಲಾರಿಗಳು ದಕ್ಷಿಣದ ಇಂಥ ಕೆಲವೇ ಗೇಟುಗಳಿಂದ ಒಳಗೆ ಹೋಗಬೇಕು. ಉತ್ತರದಲ್ಲಿ ಟಿಬೆಟ್ ಜೊತೆ ಶತಮಾನಗಳಿಂದ ಇದ್ದ ವ್ಯಾಪಾರ 1960ರ ಹೊತ್ತಿಗೆ ನಿಂತುಹೋಯಿತು. ಚೀನಾದ ಜೊತೆ ಅವರಿಗೆ ಇವತ್ತಿಗೂ ರಾಯಭಾರ ಸಂಬಂಧವಿಲ್ಲ. 1958ರಲ್ಲಿ ನೆಹರೂ ಭೂತಾನಕ್ಕೆ ಹೋದಾಗ ಮೋಟಾರು ರಸ್ತೆಯೇ ಇರಲಿಲ್ಲ, ಟಿಬೆಟಿನ ಚುಂಬಿ ಕಣಿವೆಯ ಮೂಲಕ ಪ್ರಾಣಿಗಳ ಬೆನ್ನ ಮೇಲೆ ಪ್ರಯಾಣ ಮಾಡಬೇಕಾಯಿತು. ಆಮೇಲೆ ನಮ್ಮ ಗಡಿ ರಸ್ತೆ ಸಂಸ್ಥೆಯವರು 'ದಂತಕ್' ಎಂಬ ಹೆಸರಿನ ಯೋಜನೆಯಲ್ಲಿ ಫುಯೆನ್‌ಶೋಲಿಂಗ್‌ನಿಂದ ಥಿಂಪುಗೆ ರಸ್ತೆ ಕಡಿದರು. ನಾಲ್ಕೈದು ಗಂಟೆಯಲ್ಲಿ ಎರಡು ಸಾವಿರ ಮೀಟರ್ ಏರುವ ದಾರಿ ಅದು. ನನಗೆ ಘಾಟಿ ಅಭ್ಯಾಸ ಅಂದುಕೊಂಡಿದ್ದೆ, ಮೂರನೇ ತಿರುವಿನಲ್ಲೇ ಆ ಅಹಂಕಾರ ಇಳಿಯಿತು.

ಅದೇ ದಾರಿಯಲ್ಲಿ ಚುಖಾ ಸಿಗುತ್ತದೆ. ಭೂತಾನದ ಅರ್ಥವ್ಯವಸ್ಥೆ ಅರ್ಥವಾಗಬೇಕಾದರೆ ಅಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಬೇಕು. ಕಣಿವೆಯ ತಳದಲ್ಲಿ ವಾಂಗ್‌ಛು ನದಿ. ಬೇಸಾಯಕ್ಕೆ ಶಾಪವಾಗಿರುವ ಇಳಿಜಾರು ನೀರಿಗೆ ವರ. ಭಾರತ ಅರವತ್ತು ಪಾಲು ಅನುದಾನ, ನಲವತ್ತು ಪಾಲು ಸಾಲ ಕೊಟ್ಟು ಇಲ್ಲಿ 336 ಮೆಗಾವಾಟಿನ ವಿದ್ಯುದಾಗಾರ ಕಟ್ಟಿಸಿತು. ಅದೇ ನೀರನ್ನು ಕೆಳಗೆ ಮತ್ತೆ ಹಿಡಿದು, ಸುಮಾರು 23 ಕಿಲೋಮೀಟರ್ ಸುರಂಗದಲ್ಲಿ ಕಳಿಸಿ, 800 ಮೀಟರಿಗೂ ಹೆಚ್ಚು ಬೀಳಿಸಿ ತಾಲಾ ಎಂಬಲ್ಲಿ 1,020 ಮೆಗಾವಾಟ್ ತೆಗೆಯುತ್ತಾರೆ. ನಮ್ಮ ಜೋಗದ ಎತ್ತರದ ಮೂರು ಪಟ್ಟಿಗೂ ಹೆಚ್ಚು!

ತಾಲಾದ 1,020 ಎಂದಾಗ ನನಗೆ ನಮ್ಮ ಶರಾವತಿ ವಿದ್ಯುದಾಗಾರದ 1,035 ನೆನಪಾಯಿತು. ಹೆಚ್ಚುಕಡಿಮೆ ಒಂದೇ ಸಾಮರ್ಥ್ಯ. ಆದರೆ ಶರಾವತಿಗೆ ಲಿಂಗನಮಕ್ಕಿ ಇದೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಬಿಡುತ್ತದೆ. ಅದಕ್ಕೆ ನಾವು ಕೊಟ್ಟ ಬೆಲೆ ಮುಳುಗಡೆ. ನನ್ನ ಅಜ್ಜಿಯ ತವರುಮನೆ ಆ ಹಿನ್ನೀರಿನ ಕೆಳಗಿದೆ. ತಾಲಾದಲ್ಲಿ ಅಂಥ ಜಲಾಶಯವಿಲ್ಲ. ಹರಿಯುವ ನೀರನ್ನು ಹರಿದಷ್ಟು ಹೊತ್ತು ಬಳಸುವುದು, ಅಷ್ಟೇ. ಊರುಗಳು ಮುಳುಗಲಿಲ್ಲ. ಆದರೆ ಚಳಿಗಾಲ ಬಂದರೆ ಮೇಲೆ ಹಿಮ ಗಟ್ಟಿಯಾಗಿ ನದಿ ಸೊರಗುತ್ತದೆ, ಉತ್ಪಾದನೆ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ನಮಗೆ ಕರೆಂಟು ಮಾರುವ ದೇಶ, ಹೀಟರ್ ಹಾಕಲೇಬೇಕಾದ ಜನವರಿಯಲ್ಲಿ ನಮ್ಮಿಂದಲೇ ಕೊಳ್ಳುತ್ತದೆ. ಮನೆಯಲ್ಲಿ ಹಸು ಕಟ್ಟಿಕೊಂಡೂ ಹಬ್ಬದ ದಿನ ಹಾಲಿಗೆ ಪಕ್ಕದ ಮನೆಗೆ ಹೋದ ಹಾಗೆ.

ಎಲ್ಲ ಯೋಜನೆಯೂ ಚುಖಾದಂತೆ ಸಲೀಸಾಗಿ ಆಗಲಿಲ್ಲ. ಪುನತ್ಸಾಂಗ್‌ಛು ಒಂದನೇ ಯೋಜನೆಯಲ್ಲಿ 2013ರಲ್ಲಿ ಅಣೆಕಟ್ಟೆಯ ಪಕ್ಕದ ಗುಡ್ಡವೇ ಜಾರಿತು. ಖರ್ಚು ಎರಡು ಪಟ್ಟು ಮೀರಿತು. ಅಷ್ಟು ಹೊತ್ತಿಗೆ ಹಣದ ಲೆಕ್ಕವೂ ತಿರುಗಿತ್ತು: ನಲವತ್ತು ಪಾಲು ಅನುದಾನ, ಅರವತ್ತು ಪಾಲು ಸಾಲ. ಗುಡ್ಡದ ಹೊಟ್ಟೆಯಲ್ಲಿ ಏನಿದೆ ಎಂದು ಕೊರೆಯುವ ತನಕ ಯಾರಿಗೂ ಗೊತ್ತಿರುವುದಿಲ್ಲ. ಮೇಲೆ ಹಿಮನದಿಗಳ ಸರೋವರಗಳ ಭಯ ಬೇರೆ. 1994ರ ಅಕ್ಟೋಬರಿನಲ್ಲಿ ಲುಗ್ಗೆ ಎಂಬ ಸರೋವರ ಒಡೆದು ಪುನಾಖಾದಲ್ಲಿ 21 ಜನ ಸತ್ತರು.

ಬೇಸಿಗೆಯ ಹೆಚ್ಚುವರಿ ಕರೆಂಟಿನಲ್ಲಿ ಅವರು ಈಗ ಬಿಟ್‌ಕಾಯಿನ್ ಕೂಡ ತೆಗೆಯುತ್ತಾರೆ, ಸರ್ಕಾರಿ ಬಂಡವಾಳದ ಕಂಪನಿಯೇ. ನನ್ನ ಆಫೀಸಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ನನಗೆ ನಗು ಬರಲಿಲ್ಲ. ಸಮುದ್ರವಿಲ್ಲದ ದೇಶಕ್ಕೆ, ಲಾರಿ ಹತ್ತದೆ, ಗೇಟು ದಾಟದೆ ಮಾರಬಹುದಾದ ವಸ್ತು ಎಂದರೆ ಆಸೆಯಾಗದೇ ಇರುತ್ತದೆಯೇ? ಅದರ ಬೆಲೆ ಏರಿಳಿಯುವುದನ್ನು ನೋಡಿದರೆ ಅಪ್ಪಯ್ಯನ ಅಡಿಕೆಯೇ ವಾಸಿ, ಅದು ಬೇರೆ ಮಾತು.

ಪಾರೋ ಹತ್ತಿರ ಒಂದು ಮನೆಯಲ್ಲಿ ನಾಲ್ಕು ದಿನ ಹೋಂಸ್ಟೇಯಲ್ಲಿದ್ದೆವು. ಮನೆಯೊಡತಿಗೆ ಅರವತ್ತರ ಹತ್ತಿರ ವಯಸ್ಸು. ಟಿವಿ ಧಾರಾವಾಹಿಗಳಿಂದ ಕಲಿತ ಹಿಂದಿ, ನನ್ನ ಹಿಂದಿಗಿಂತ ಚೆನ್ನಾಗಿತ್ತು. ಮೊದಲ ದಿನವೇ ವೀಳ್ಯದೆಲೆಯಲ್ಲಿ ಸುಣ್ಣ ಹಚ್ಚಿ ಹಸಿ ಅಡಿಕೆ ಇಟ್ಟು ಕೊಟ್ಟರು. ಅಲ್ಲಿ ಅದಕ್ಕೆ ದೋಮಾ ಎನ್ನುತ್ತಾರೆ. ವಾಸನೆ ಜೋರು, ಆದರೆ ಬಂದವರಿಗೆ ಎಲೆಅಡಿಕೆ ಕೊಡುವ ಮರ್ಯಾದೆ ನಮ್ಮ ಜಗಲಿಯದೇ. ನಮ್ಮ ತೋಟದ ವಿಷಯ ಹೇಳಿದೆ, ಅಪ್ಪಯ್ಯನ ಸಿಟ್ಟನ್ನು ಮಾತ್ರ ಹೇಳಲಿಲ್ಲ. ಅವರು, "ಇಲ್ಲಿ ಚಳಿ, ಅಡಿಕೆ ಬೆಳೆಯೋದು ದಕ್ಷಿಣದ ಸಮ್ಚಿ, ಸರ್ಪಾಂಗ್ ಕಡೆ" ಎಂದರು. ಆ ದಕ್ಷಿಣದ ಜಿಲ್ಲೆಗಳಿಂದಲೇ 1990ರ ದಶಕದಲ್ಲಿ ನೇಪಾಳಿ ಮಾತಾಡುವ ಒಂದು ಲಕ್ಷ ಜನ ನೆಲ ಬಿಟ್ಟು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಇರಬೇಕಾಯಿತು. ಸಂತೋಷ ಅಳೆಯುವ ಫಾರ್ವರ್ಡುಗಳಲ್ಲಿ ಇದು ಇರುವುದಿಲ್ಲ. ನಾನು ಆ ಮನೆಯಲ್ಲಿ ಕೇಳಲೂ ಇಲ್ಲ, ಅವರ ಉಪ್ಪು ಉಣ್ಣುತ್ತಿದ್ದೆ.

ಅಡುಗೆಮನೆಯಲ್ಲಿ ಗ್ಯಾಸ್ ಸ್ಟೌವ್ ಪಕ್ಕ ಸೌದೆ ಒಲೆಯೂ ಇತ್ತು. ಎರಡೂ ಯಾಕೆ ಎಂದೆ. ಅವರು 2013ರ ಕಥೆ ಹೇಳಿದರು. ಆ ಜುಲೈನಲ್ಲಿ ಅವರ ಚುನಾವಣೆಗೆ ಮುಂಚೆ ಭಾರತ ಅಡುಗೆ ಅನಿಲ, ಸೀಮೆಎಣ್ಣೆಯ ಸಬ್ಸಿಡಿ ನಿಲ್ಲಿಸಿತ್ತು, ಸಿಲಿಂಡರ್ ಬೆಲೆ ಒಮ್ಮೆಲೇ ಏರಿತ್ತು. ಆಮೇಲೆ ಸಬ್ಸಿಡಿ ಮತ್ತೆ ಬಂತು. "ಆವತ್ತಿಂದ ಸೌದೆ ಒಲೆ ಕೆಡವಲಿಲ್ಲ" ಎಂದು ನಕ್ಕರು. ನಮ್ಮ ಪತ್ರಿಕೆಗಳಲ್ಲಿ ಒಳಪುಟದ ಸುದ್ದಿ, ಅಲ್ಲಿ ಅವತ್ತಿನ ಅನ್ನ. ಗೇಟಿನ ಈಚೆ ನಿಂತು ನೋಡುವವರಿಗೂ ಆಚೆ ನಿಂತವರಿಗೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಆ ಒಲೆಯ ಮುಂದೆ. ಅಡಿಕೆಯ ಆದೇಶವೂ ಅಷ್ಟೇ. ನಮ್ಮ ಲೆಕ್ಕದಲ್ಲಿ ಚೊಂಬು ನೀರು, ಸಮ್ಚಿಯ ರೈತರಿಗೆ ಇಡೀ ಮಾರುಕಟ್ಟೆ.

ಮೂರನೆಯ ದಿನ ಮನೆಯ ಮಾತು ಬಂತು. ಮನೆ, ಗದ್ದೆ ಅವರ ಹೆಸರಿಗಿವೆ. ಮೊದಲು ಅವರ ತಾಯಿಯ ಹೆಸರಿಗಿದ್ದವು. ಪಶ್ಚಿಮ ಭೂತಾನದಲ್ಲಿ ಮನೆ, ಜಮೀನು ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ ಬರುತ್ತದೆ, ಗಂಡ ಹೆಂಡತಿಯ ಮನೆಗೆ ಬರುತ್ತಾನೆ. ಇಲ್ಲಿ ಚಪ್ಪಾಳೆ ತಟ್ಟಬೇಕು ಅನಿಸುತ್ತದೆ ಅಲ್ಲವೇ? ನಾನೂ ಹಾಗೇ ಖುಷಿಪಟ್ಟೆ. ಅವರು ಹೇಳಿದ್ದು ಬೇರೆ. "ಜಮೀನು ನನಗೆ ಬರೋದಿತ್ತಲ್ಲ, ಅದಕ್ಕೇ ಅಣ್ಣಂದಿರನ್ನು ಶಾಲೆಗೆ ಕಳಿಸಿದರು, ನನ್ನನ್ನು ಮನೆಯಲ್ಲಿ ಇಟ್ಟುಕೊಂಡರು. ಅವರು ಥಿಂಪುನಲ್ಲಿ ಆಫೀಸರುಗಳಾದರು. ನಾನು ಗದ್ದೆಗೆ ಅಂಟಿಕೊಂಡೆ." ಅವರ ಮಗಳು ಈಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾಳೆ, ಅಳಿಯನೂ ಅಲ್ಲೇ. ಓದಿದ ಹುಡುಗರು ಸಾವಿರಗಟ್ಟಲೆ ಹಾಗೆ ಹೋಗುತ್ತಿದ್ದಾರೆ. ಮುಂದೆ ಈ ಗದ್ದೆ ಪರ್ತ್‌ನಲ್ಲಿರುವವಳ ಹೆಸರಿಗೆ. ಆಮೇಲೆ ಅವರು ನನ್ನನ್ನು ಕೇಳಿದರು: "ನಿಮ್ಮ ಅಡಿಕೆ ತೋಟ ನಿನ್ನ ಹೆಸರಿಗಾ?"

"ತಮ್ಮನದು" ಅಂದೆ. ತಕ್ಷಣ ಬಂದ ಉತ್ತರ ಅದು.

ನಿಮಗೆ ಗೊತ್ತಿದೆ, ಕರ್ನಾಟಕದಲ್ಲಿ 1994ರಿಂದಲೇ, ಇಡೀ ದೇಶದಲ್ಲಿ 2005ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇದೆ. ಹಕ್ಕು ಬಿಡುಗಡೆ ಪತ್ರ ಒಂದು ನನ್ನ ಕಪಾಟಿನಲ್ಲೂ ಇದೆ, ಸಹಿಗಾಗಿ. ತಮ್ಮ ಬ್ಯಾಂಕ್ ಸಾಲ ಮಾಡಿ ತೋಟಕ್ಕೆ ಡ್ರಿಪ್ ಹಾಕಿಸಬೇಕು, ಅದಕ್ಕೆ ಕಾಗದಗಳು ಸರಿಯಾಗಬೇಕು. ಅದರಲ್ಲಿ ಕಪಟವೇನೂ ಇಲ್ಲ. ಭೂತಾನಕ್ಕೆ ಹೋಗುವ ಮೊದಲು ಕೇಳಿದ್ದರೆ ಎರಡೇ ನಿಮಿಷದಲ್ಲಿ ಸಹಿ ಹಾಕುತ್ತಿದ್ದೆ, ಇಲ್ಲವೇ ಕಾನೂನು ಹೇಳಿ ಜಗಳ ಆಡುತ್ತಿದ್ದೆ. ಈಗ ಎರಡೂ ಆಗುತ್ತಿಲ್ಲ. ನಮ್ಮ ಮನೆಯಲ್ಲಿ ಹಾಸ್ಟೆಲ್ ಫೀಸು, ಎಂಟೆಕ್ಕು ನನ್ನ ಪಾಲಿಗೆ ಬಂತು. ಪಿಯುಸಿ ಮುಗಿಸಿದ ತಮ್ಮ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಾ ಅಲ್ಲೇ ಉಳಿದ. ಆ ಮನೆಯೊಡತಿ ಅಲ್ಲಿ ಯಾರೋ, ನಮ್ಮ ಮನೆಯಲ್ಲಿ ಅವನು. ಹಾಗೆಂದು ನನ್ನ ಹೆಸರು ಅಲ್ಲಿಂದ ಪೂರ್ತಿ ಅಳಿಸಿಹೋಗಲಿ ಎನ್ನಲೂ ಮನಸ್ಸು ಬರುತ್ತಿಲ್ಲ.

ಬಂದಮೇಲೆ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ದೋಮಾ ವಿಷಯ ಕೇಳಿ, "ಹಸಿ ಅಡಿಕೆಯನ್ನು ಅವರೇ ಅಷ್ಟು ತಿಂದರೆ ನಮಗೆ ಕಳಿಸೋದು ಯಾವುದಂತೆ?" ಎಂದರು. ಅವರ ಅನುಮಾನ ಹೋಗಿಲ್ಲ. ಪತ್ರದ ವಿಷಯಕ್ಕೆ ಬಂದಾಗ, ದೀಪಾವಳಿಗೆ ಬರುತ್ತೇನೆ, ನಾನು, ನೀವು, ತಮ್ಮ ಮೂವರೂ ಜಗಲಿಯಲ್ಲಿ ಕೂತು ಓದೋಣ, ಅಲ್ಲಿಯವರೆಗೆ ಇರಲಿ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಾ. ಅಡಿಕೆ ಕೊಯ್ಲಿಗೂ ಜನ ಬೇಕು" ಎಂದು ಫೋನಿಟ್ಟರು.

ಟಿಕೆಟ್ ಬುಕ್ ಮಾಡಿದ್ದೇನೆ. ಭೂತಾನದ ಪರ್ಮಿಟ್, ಊಟ, ಚಳಿ ಬಗ್ಗೆ ಏನಾದರೂ ಕೇಳುವುದಿದ್ದರೆ ಚಹಾ ಹೊತ್ತಿನಲ್ಲಿ ಕೇಳಿ.