ಬ್ಯಾಟರಿಯನ್ನೂ ತೂಗಿ ನೋಡಿ



ಮರಗಸಿಗೆ ಆಳು ಸಿಗದೆ ಬ್ಯಾಟರಿ ಗರಗಸ ಕೊಂಡವರು ನಮ್ಮಲ್ಲಿ ಬಹಳ ಜನ. ಕೆಲವು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ. ಕಂಪನಿಯದ್ದು ಕೇಳಿದರೆ ಎದೆ ಒಡೆಯುವ ಬೆಲೆ. ಪಕ್ಕದಲ್ಲೇ ಅದೇ ಆಕಾರದ ಬೇರೆಯವರ ಮಾಲು, ಅರ್ಧಕ್ಕಿಂತ ಕಡಿಮೆಗೆ. ಯಾವುದನ್ನು ತಗೋಬೇಕು?

ನಾನು ಅಗ್ಗದ್ದೇ ತಂದೆ. ಮೇಲೆ 18 ವೋಲ್ಟ್, 6 ಆಂಪಿಯರ್ ಅವರ್ ಅಂತ ಬರೆದಿತ್ತು. ನಾಲ್ಕು ಕೊಂಬೆಗೇ ಗರಗಸ ನಿಂತಿತು. ರಿಪೇರಿಯವನು ಬಿಚ್ಚಿ ತೋರಿಸಿದ: ಒಳಗೆ ಐದೇ ಸೆಲ್ಲು!

ಲೆಕ್ಕ ಕೇಳಿ. ಒಂದು ಸೆಲ್ಲು 3.6 ವೋಲ್ಟ್. ಐದು ಸೇರಿದರೆ 18. '20 ವೋಲ್ಟ್ ಮ್ಯಾಕ್ಸ್' ಅನ್ನುವುದೂ ಇದೇ ಐದು, ಆಗಷ್ಟೇ ಚಾರ್ಜ್ ಆದಾಗಿನ ಅಳತೆ. 18 ಮಿ.ಮೀ. ದಪ್ಪದ ಸೆಲ್ಲು ಎಷ್ಟು ಒಳ್ಳೆಯದಾದರೂ 3.5 ಆಂಪಿಯರ್ ಅವರ್ ಆಸುಪಾಸು. ಆರು ಬರಬೇಕಾದರೆ ಎರಡು ಸಾಲು, ಹತ್ತು ಸೆಲ್ಲು ಬೇಕು. ಒಂದೊಂದು ಸುಮಾರು 45 ಗ್ರಾಂ. ಹಾಗಾಗಿ 6 ಅಂತ ಬರೆದದ್ದು ಅರ್ಧ ಕೆ.ಜಿ.ಯೂ ತೂಗದಿದ್ದರೆ ಅನುಮಾನಪಡಿ.

ದುಡ್ಡಿಗಿಂತ ದೊಡ್ಡ ಭಯ ಬೆಂಕಿ. ಕಳಪೆ ಮಾಲಿನಲ್ಲಿ ಬಿಸಿ ಹೆಚ್ಚಿದಾಗ ತಡೆಯುವ ಸರ್ಕ್ಯೂಟನ್ನೇ ಉಳಿಸಿರುತ್ತಾರೆ. ಯಾವ ಬ್ಯಾಟರಿಯನ್ನೂ ಹುಲ್ಲಿನ ಅಟ್ಟದ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ಇಡಬೇಡಿ.

ಹೊರಗಿನದ್ದೆಲ್ಲ ಮೋಸ ಅಂತ ನಾನು ಹೇಳೋದಿಲ್ಲ. ದಿನಾ ದುಡಿಯುವ ಯಂತ್ರಕ್ಕೆ ಕಂಪನಿಯದ್ದೇ ಹಾಕಿ. ಅಪರೂಪಕ್ಕೆ ಬಳಸುವುದಕ್ಕೆ ಬೇರೆಯದಾದೀತು. ಆದರೆ ಐಎಸ್ 16046 ಗುರುತು, ರಶೀದಿ, ಗ್ಯಾರಂಟಿ ಇರಲಿ.

ನಮ್ಮ ಕಾಫಿಗೆ ವ್ಯಾಪಾರಿ ತೇವ ನೋಡುತ್ತಾನೆ, ಔಟ್‌ಟರ್ನ್ ನೋಡುತ್ತಾನೆ, ಆಮೇಲೆ ಬೆಲೆ ಕಡಿಯುತ್ತಾನೆ. ಅವನ ಮಾಲನ್ನು ನಾವು ಯಾಕೆ ಕಣ್ಣು ಮುಚ್ಚಿ ಕೊಳ್ಳಬೇಕು?