ತೊಳೆದು ಬಳಸುವ ಫಿಲ್ಟರು: ಲಾಭವೋ, ನಷ್ಟವೋ?

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ಹೋಟೆಲು-ಗಿರಣಿಗಳಲ್ಲಿ ದುಡಿಯುವ ನಮ್ಮವರು ನಾಲ್ಕು ಕಾಸು ಕೂಡಿದ ಮೇಲೆ ಕಂತಿನ ಮೇಲೆ ಸ್ಕೂಟರನ್ನೋ ಟೆಂಪೋವನ್ನೋ ಕೊಳ್ಳುವುದುಂಟು. ಅಂಥವರಿಗೆ ಬಿಡಿಭಾಗದ ಅಂಗಡಿಯವರು ಹೇಳುವ ಮಾತು ಇದು: "ತೊಳೆದು ಬಳಸುವ ಏರ್ ಫಿಲ್ಟರ್ ಹಾಕಿಸಿ; ಶಕ್ತಿ ಹೆಚ್ಚುತ್ತದೆ, ಪೆಟ್ರೋಲು ಉಳಿಯುತ್ತದೆ." ಈ ಮಾತು ಎಷ್ಟರ ಮಟ್ಟಿಗೆ ನಿಜವೆಂದು ನಾವು ವಿಚಾರ ಮಾಡೋಣ.

ಒಂದು ಕಿಲೋ ಪೆಟ್ರೋಲು ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಆ ಗಾಳಿಯೊಡನೆ ಬೇಸಿಗೆಯ ಧೂಳೂ ಬರುತ್ತದೆ. ಅದು ಒಳಗೆ ಹೋದರೆ ಸಿಲಿಂಡರ್, ಪಿಸ್ಟನ್ ರಿಂಗುಗಳು ಸವೆಯುತ್ತವೆ. ಇಂಜಿನ್ ಎಣ್ಣೆ ಕುಡಿಯುತ್ತದೆ, ಹೊಗೆ ಉಗುಳುತ್ತದೆ. ಆದುದರಿಂದ ಫಿಲ್ಟರಿನ ಮೊದಲ ಕರ್ತವ್ಯ ಧೂಳು ತಡೆಯುವುದು.

ತೊಳೆಯುವ ಫಿಲ್ಟರಿನಲ್ಲಿರುವುದು ಎಣ್ಣೆ ಸವರಿದ, ಹಲವು ಪದರದ ಜಾಳು ಹತ್ತಿಬಟ್ಟೆ. 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಕೆ ಅಂಡ್ ಎನ್ ಕಂಪೆನಿ ಇದಕ್ಕೆ ಹೆಸರಾಗಿದೆ. ಹೋಟೆಲಿನವರಿಗೆ ಇದರ ಗುಣ ಬೇಗ ತಿಳಿಯುತ್ತದೆ. ಕಾಫಿ ಸೋಸುವ ಬಟ್ಟೆ ಜಾಳಾಗಿದ್ದರೆ ಡಿಕಾಕ್ಷನ್ ಬೇಗ ಇಳಿಯುತ್ತದೆ, ಪುಡಿಯೂ ಸ್ವಲ್ಪ ಇಳಿಯುತ್ತದೆ. ಸಣ್ಣ ಧೂಳನ್ನು ಹಿಡಿಯುವುದರಲ್ಲಿ ಒಳ್ಳೆಯ ಕಾಗದದ ಫಿಲ್ಟರೇ ಸಾಮಾನ್ಯವಾಗಿ ಮೇಲು.

ಇನ್ನು ಪೆಟ್ರೋಲಿನ ಮಾತು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷೆಯ ವರದಿ ಕೊಟ್ಟಿತು. ಇಂಧನ ಚುಚ್ಚುವ ಹೊಸ ಬಗೆಯ ಕಾರುಗಳಲ್ಲಿ ಫಿಲ್ಟರು ಕಟ್ಟಿಕೊಂಡಿದ್ದರೂ ಪೆಟ್ರೋಲಿನ ಖರ್ಚು ಹೆಚ್ಚಲಿಲ್ಲ. ವೇಗ ಏರುವುದು ಮಾತ್ರ ನಿಧಾನವಾಯಿತು. ಹಳೆಯ ಕಾರ್ಬುರೇಟರ್ ಕಾರಿನಲ್ಲಿ ಶೇಕಡಾ 2ರಿಂದ 6ರಷ್ಟು ವ್ಯತ್ಯಾಸ ಕಂಡಿತು. ಕಟ್ಟಿಕೊಂಡ ಫಿಲ್ಟರಿನ ಕಥೆಯೇ ಹೀಗಿರುವಾಗ, ಶುಭ್ರವಾದ ಕಾಗದದ ಫಿಲ್ಟರನ್ನು ಕಿತ್ತು ಬೇರೆಯದನ್ನು ಹಾಕಿದರೆ ಉಳಿಯುವುದೇನು?

ಲೆಕ್ಕ ಹಾಕೋಣ. ಕಾಗದದ್ದು 300 ರೂಪಾಯಿ, 10,000 ಕಿಲೋಮೀಟರಿಗೊಮ್ಮೆ ಬದಲಿ ಎಂದಿಟ್ಟುಕೊಳ್ಳಿ. ತೊಳೆಯುವಂಥದು, ಅದರ ದ್ರಾವಣ, ಎಣ್ಣೆ ಸೇರಿ 5,500 ಎನ್ನಿ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವನಿಗೆ ಹಾಕಿದ ಹಣ ಮರಳಲು 18 ವರ್ಷ ದಾಟುತ್ತದೆ. ಅಷ್ಟರಲ್ಲಿ ಗಾಡಿಯೇ ಗುಜರಿ ಸೇರಿರುತ್ತದೆ. ವರ್ಷಕ್ಕೆ 60,000 ಓಡುವ ಟೆಂಪೋವಿಗೆ ಸುಮಾರು ಮೂರು ವರ್ಷ ಸಾಕು. ಆದರೆ ಧೂಳಿನ ದಾರಿಯಲ್ಲಿ ಮತ್ತೆ ಮತ್ತೆ ತೊಳೆಯಬೇಕು, ಪೂರ್ತಿ ಒಣಗಿಸಬೇಕು, ಹದವಾಗಿ ಎಣ್ಣೆ ಸವರಬೇಕು. ಎಣ್ಣೆ ಕಡಿಮೆಯಾದರೆ ಧೂಳು ನುಗ್ಗುತ್ತದೆ. ಹೆಚ್ಚಾದರೆ ಹೊಸ ಗಾಡಿಗಳಲ್ಲಿ ಗಾಳಿ ಅಳೆಯುವ ಸೆನ್ಸರಿಗೆ ಅಂಟಿ ಅದನ್ನು ಕೆಡಿಸಬಹುದು. ದುಡಿಯುವ ಗಾಡಿ ಒಂದು ದಿನ ನಿಂತರೆ ಆ ದಿನದ ಕೂಲಿಯೂ ಹೋಯಿತು.

ಆದುದರಿಂದ ನಮ್ಮ ಸಲಹೆ ಇಷ್ಟು: ಕಂಪೆನಿ ಹೇಳಿದ ಅಳತೆಯ ಕಾಗದದ ಫಿಲ್ಟರನ್ನೇ ಹಾಕಿಸಿ. ಧೂಳು ಹೆಚ್ಚಿರುವ ಕಡೆ ಅವಧಿಗೆ ಮುಂಚೆಯೇ ತೆಗೆದು ನೋಡಿ. ಗ್ಯಾರೇಜಿನಲ್ಲಿ ಜೋರು ಗಾಳಿ ಊದಿಸಬೇಡಿ, ಕಾಗದ ಹರಿಯುತ್ತದೆ.

ಗಿರಣಿಯ ಬಂಧುಗಳಿಗೆ ಇನ್ನೊಂದು ಮಾತು. ಹತ್ತಿಯ ಧೂಳು ನಮ್ಮ ಎದೆಯನ್ನೂ ಕೆಡಿಸುತ್ತದೆ. ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಎದೆ ಬಿಗಿದರೆ ಅಲಕ್ಷಿಸದೆ ವೈದ್ಯರಿಗೆ ತೋರಿಸಿ. ಧೂಳು ಹೀರುವ ಯಂತ್ರ ನಡೆಸಿರೆಂದು ಮಾಲೀಕರನ್ನು ಸಂಘದ ಮೂಲಕ ಕೇಳಿರಿ. ಇಂಜಿನ್ನಿಗೆ 5,500 ಕೊಡಲು ಸಿದ್ಧರಾದ ನಾವು ಇದನ್ನು ಕೇಳಲು ಹಿಂಜರಿಯಬಾರದು.