ಕಂಪೆನಿಯ ವರದಿ ಮತ್ತು ಬೀಡಿಯ ಮೊರ

(ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉದ್ಯಮಗಳು ಮಾನವ ಹಕ್ಕುಗಳನ್ನು ಗೌರವಿಸುವಂತೆ ಪ್ರೇರೇಪಿಸುವ ಸರಕಾರಿ ನೀತಿ ಎಂದೊಡನೆ, ಅದು ದೊಡ್ಡವರ ವಿಷಯ, ನಮಗೇನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಆದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲಾ ಶುಲ್ಕ ಬಂದದ್ದು ತಾಯಂದಿರ ಬೀಡಿಯ ಮೊರದಿಂದ. ಆ ಮೊರದ ಮುಂದೆ ಕುಳಿತೇ ಈ ನೀತಿಯನ್ನು ಪರಿಶೀಲಿಸೋಣ.

2011ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು ಈ ಕುರಿತ ಮಾರ್ಗದರ್ಶಿ ತತ್ವಗಳನ್ನು ಅಂಗೀಕರಿಸಿತು. ಹಕ್ಕುಗಳನ್ನು ರಕ್ಷಿಸುವುದು ಸರಕಾರದ ಕರ್ತವ್ಯ, ಗೌರವಿಸುವುದು ಉದ್ಯಮದ ಹೊಣೆ, ಅನ್ಯಾಯಕ್ಕೊಳಗಾದವರಿಗೆ ಪರಿಹಾರದ ಬಾಗಿಲು ತೆರೆದಿರಬೇಕು ಎಂಬುದು ಅದರ ಸಾರ. ನಮ್ಮ ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ಜವಾಬ್ದಾರಿಯುತ ವ್ಯವಹಾರದ ರಾಷ್ಟ್ರೀಯ ಮಾರ್ಗಸೂಚಿಯ ಒಂಬತ್ತು ತತ್ವಗಳಲ್ಲಿ ಐದನೆಯದು ಮಾನವ ಹಕ್ಕುಗಳದ್ದು. ಶೇರುಪೇಟೆಯ ಅಗ್ರ 1000 ಕಂಪೆನಿಗಳು 2022-23ರಿಂದ ಇದರ ಪ್ರಕಾರ ಕಡ್ಡಾಯವಾಗಿ ವರದಿ ನೀಡಬೇಕಾಗಿದೆ. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕಡ್ಡಾಯವಾದದ್ದು ವರದಿಯೇ ಹೊರತು ಮಾರ್ಗಸೂಚಿಯ ಪಾಲನೆಯಲ್ಲ.

ಬರಿಯ ಪ್ರೇರಣೆ ಸಾಲದೆಂಬುದಕ್ಕೆ ಢಾಕಾದ ಬಳಿಯ ರಾಣಾ ಪ್ಲಾಝಾ ಸಾಕ್ಷಿ. ಗೋಡೆಯ ಬಿರುಕನ್ನು ಹಿಂದಿನ ದಿನವೇ ಕಂಡಿದ್ದರೂ ಕಾರ್ಮಿಕರನ್ನು ಒಳಕ್ಕೆ ಕಳುಹಿಸಲಾಯಿತು. 2013ರ ಎಪ್ರಿಲ್ 24ರಂದು ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅವರು ಹೊಲಿಯುತ್ತಿದ್ದುದು ಯುರೋಪಿನ ಅಂಗಡಿಗಳಿಗೆ ಬಟ್ಟೆ. ಆ ಬಳಿಕ, 2017ರಲ್ಲಿ ಫ್ರಾನ್ಸ್, ದೊಡ್ಡ ಕಂಪೆನಿಗಳು ತಮ್ಮ ಪೂರೈಕೆದಾರರ ಬಳಿ ನಡೆಯುವುದರ ಮೇಲೂ ನಿಗಾ ಇಡಬೇಕೆಂದು ಕಾನೂನನ್ನೇ ಮಾಡಿತು.

ಈಗ ಮೊರದ ಬಳಿಗೆ ಬರೋಣ. ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು 1966ರ ಬೀಡಿ ಕಾರ್ಮಿಕರ ಕಾನೂನು ಒಪ್ಪಿತ್ತು. ಹಾಗಿದ್ದರೂ ಕಂಪೆನಿಗೂ ಆಕೆಗೂ ನಡುವೆ ಗುತ್ತಿಗೆದಾರ ನಿಂತಿರುತ್ತಾನೆ. ಸಾವಿರ ಬೀಡಿಗೆ ಬೇಕಾದಷ್ಟು ಎಲೆ ಸಿಗುವುದಿಲ್ಲ, ಸಿಕ್ಕಿದ್ದರಲ್ಲೂ ಹರಿದದ್ದು, ತೂತು ಬಿದ್ದದ್ದು. ಕೊರತೆಯ ಎಲೆಯನ್ನು ಆಕೆ ತನ್ನ ಕಾಸಿನಿಂದಲೇ ಕೊಳ್ಳಬೇಕು. ಕಟ್ಟಿ ಕೊಟ್ಟಾಗ ಮಾತ್ರ ಲೆಕ್ಕ ಬಿಗಿ! ಕಳಪೆಯೆಂದು ಒಂದಷ್ಟನ್ನು ಬದಿಗೆ ಸರಿಸಿ ಅದರ ಮಜೂರಿ ಕಡಿಯಲಾಗುತ್ತದೆ. ಎಷ್ಟೋ ಕಡೆ ಪುಸ್ತಕದಲ್ಲಿರುವ ಹೆಸರು ಒಬ್ಬಳದು, ದುಡಿಯುವವರು ಮೂವರು. ಉಳಿದಿಬ್ಬರಿಗೆ ಭವಿಷ್ಯನಿಧಿಯೂ ಇಲ್ಲ.

ತಾನು ಪಡೆಯುವಾಗ ಪೂರ್ತಿ ಅಳೆದು, ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, ಅಲ್-ಮುತಫ್ಫಿಫೀನ್. ಅದನ್ನು ನಾವು ಕಿರಾಣಿ ಅಂಗಡಿಯ ತಕ್ಕಡಿಗಷ್ಟೇ ಸೀಮಿತಗೊಳಿಸಿದ್ದೇವೆ. ಎಲೆಯ ತೂಕ, ದುಡಿದ ತಾಸು, ತಡೆಹಿಡಿದ ಸಂಬಳ ಇವೆಲ್ಲವೂ ಅಳತೆಯಲ್ಲವೇ? ಶುಐಬ್(ಅ)ರವರು ಮದ್ಯನಿನ ಜನರನ್ನು ಎಚ್ಚರಿಸಿದ್ದೂ ವ್ಯಾಪಾರದ ಇಂತಹ ಮೋಸದ ಬಗ್ಗೆಯೇ.

ನೋವಿನ ಸಂಗತಿಯೆಂದರೆ, ಆ ಗುತ್ತಿಗೆದಾರರಲ್ಲಿ ಕೆಲವರು ನಮ್ಮವರೇ, ನಮ್ಮ ಮಸೀದಿಯ ಮೊದಲ ಸಾಲಿನವರೇ. ನಮ್ಮ ಬಟ್ಟೆಯಂಗಡಿಗಳಲ್ಲಿ ಇಡೀ ದಿನ ನಿಂತೇ ಇರುವ ಹುಡುಗಿಯರಿದ್ದಾರೆ, ಹೋಟೆಲುಗಳಲ್ಲಿ ರಜೆಯೇ ಇಲ್ಲದ ಹುಡುಗರಿದ್ದಾರೆ. ಇವರ ಬಗ್ಗೆ ಯಾವ ವರದಿಯನ್ನೂ ಯಾರೂ ಕೇಳುವುದಿಲ್ಲ. ಮಾರ್ಗಸೂಚಿಗೆ ಕಾನೂನಿನ ಬಲ ಬೇಕೆಂದು ನಾವು ಸರಕಾರವನ್ನು ಒತ್ತಾಯಿಸಲೇಬೇಕು. ಆದರೆ ಗುತ್ತಿಗೆದಾರನ ಜಗಲಿಯಲ್ಲಿ ಎಲೆಯನ್ನು ಆಕೆಯ ಕಣ್ಣೆದುರೇ ತೂಗಲು, ದುಡಿಯುವ ಪ್ರತಿಯೊಬ್ಬಳ ಹೆಸರನ್ನೂ ಪುಸ್ತಕದಲ್ಲಿ ಬರೆಯಲು ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ಜಮಾಅತ್ ಕಮಿಟಿಗಳು ಮುಂದಿನ ಸಭೆಯಲ್ಲಿ ಇದನ್ನೇ ಮೊದಲ ವಿಷಯವಾಗಿ ಎತ್ತಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ಆ ಸಭೆಗೆ ಬೀಡಿ ಕಟ್ಟುವ ಸಹೋದರಿಯರನ್ನೂ ಕರೆಯಿರಿ.